ಯಾರು ಬಂದು ಹೇಳಬೇಕು

ಗುರುವಾರ, ಇಪ್ಪತ್ತನೇ ತಾರೀಖು

ಮುದ್ದು ಚೂಟಿಗೆ,

ಊರವರ ಕಣ್ಣೆಲ್ಲ ನೋಡುವ ಡಾಕ್ಟರಮ್ಮನಿಗೆ ಅಜ್ಜಿಯ ಕಾಗದ ಮಾತ್ರ ಕಾಣಿಸುವುದಿಲ್ಲವೇನೇ? ಗೋಡೆಗೆ ಹೇಳಿದ್ದರೆ ಅದಾದರೂ ಹೂಂಗುಟ್ಟುತ್ತಿತ್ತು. ಈ ಸಲ ನಾನೂ ತಡ ಮಾಡಿದೆ, ಒಪ್ಪಿದೆ. ಒಂದೇ ಕಣ್ಣಿನಲ್ಲಿ ಬರೆದರೆ ಸಾಲು ಗುಡ್ಡ ಹತ್ತುತ್ತದೆ. ನಾಲ್ಕನೇ ಕ್ಲಾಸಿನ ಅಕ್ಷರ, ಎರಡು ಕಣ್ಣಿದ್ದಾಗಲೂ ಅಷ್ಟಕ್ಕಷ್ಟೇ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಆಪರೇಷನ್ ಕೋಣೆಗೆ ಹೋಗುವುದನ್ನೇ ಬಿಟ್ಟು ಬರೀ ಕನ್ನಡಕ ಬರೆದುಕೊಡುತ್ತಿದ್ದೀಯಂತೆ, ನಿನ್ನ ಅಮ್ಮ ಹೇಳಿದಳು. ನೀನು ನನ್ನ ಪೊರೆ ತೆಗೆದ ಮೇಲೆ ಸೋಂಕು ತಗುಲಿ ಕಣ್ಣು ಹೋಯಿತಲ್ಲ, ಅಲ್ಲಿಂದ ಮನೆ ಕಡೆಗೂ ತಲೆ ಹಾಕಿಲ್ಲ.

ಈಗ ಸುದ್ದಿ ಕೇಳು. ನಿಮ್ಮ ಕಣ್ಣು ಡಾಕ್ಟರುಗಳ ಸಂಘದವರು ನನ್ನನ್ನು ಸಲಹೆಗೆ ಕರೆದಿದ್ದಾರೆ. ನಗಬೇಡ. ಡಾಕ್ಟರಲ್ಲದವರ ಮಾತೂ ಕಿವಿಗೆ ಬೀಳಲಿ ಅಂತ ಒಂದು ಸಮಿತಿ ಮಾಡಿದ್ದಾರೆ. ಒಬ್ಬ ಬಸ್ ಡ್ರೈವರು, ಒಬ್ಬ ಟೈಲರಮ್ಮ, ನಾನು. ನನ್ನನ್ನು ಸೇರಿಸಿದವಳು ಆಸ್ಪತ್ರೆಯ ನರ್ಸು. ಬಾಯಿ ಜೋರಿದೆ ಎಂದು ಶಿಫಾರಸು ಮಾಡಿದಳಂತೆ. ಅಲ್ಲಿಯ ಕುರ್ಚಿಗಳಿಗೆ ಗಾಲಿ. ಕೂರಲು ಹೋದರೆ ಹಿಂದಕ್ಕೆ ಓಡುತ್ತವೆ. ಡ್ರೈವರು ಬ್ರೇಕ್ ಒತ್ತಿದ ಹಾಗೆ ಕಾಲು ಒಡ್ಡಿ ಹಿಡಿದ, ಆಮೇಲೆ ಕೂತೆ.

ಮೊನ್ನೆಯ ಚರ್ಚೆ, ಆಪರೇಷನ್ ಕೆಟ್ಟರೆ ರೋಗಿಗೆ ಬಂದು ಹೇಳಬೇಕಾದವರು ಯಾರು ಎಂಬುದು. ಅವರು ಬರೆದಿಟ್ಟುಕೊಂಡ ನಿಯಮದಲ್ಲಿ, ಆಸ್ಪತ್ರೆಯ ಯಾವ ಡಾಕ್ಟರಾದರೂ ಹೇಳಬಹುದು ಎಂದಿತ್ತು. ಟೈಲರಮ್ಮ ಸುಮ್ಮನಿರಲಿಲ್ಲ. ತಾನು ಬಟ್ಟೆ ಕೆಡಿಸಿದರೆ ಗುಂಡಿ ಹಾಕುವವಳನ್ನು ಮುಂದೆ ಬಿಟ್ಟು ಅಡಗುವುದಿಲ್ಲ ಎಂದಳು. ಬಟ್ಟೆಯಾದರೆ ಬೇರೆ ಹೊಲಿಸಬಹುದಮ್ಮ ಎಂದರು ಅಧ್ಯಕ್ಷರು, ಸ್ವಲ್ಪವೂ ಗದರದೆ. ಅವರೂ ಆಪರೇಷನ್ ಮಾಡಿಯೇ ತಲೆ ನರೆತವರು. ನನ್ನ ಕಡೆ ತಿರುಗಿದರು.

"ಅಜ್ಜಿ, ಹೇಳಿ ಬಂದ ಮಾರನೇ ದಿನ ಆ ಡಾಕ್ಟರ ಕೈ ನಡುಗಿದರೆ, ಆವತ್ತು ಮೇಜಿನ ಮೇಲೆ ಮಲಗಿರೋರ ಗತಿ ಏನು?"

ಮಲಗಿದವಳ ಕಡೆಯಿಂದಲೇ ಲೆಕ್ಕ ಹಾಕುತ್ತಿದ್ದೆ ಕಣೇ, ಕೊಯ್ದವಳ ಕೈಯನ್ನು ನೆನೆದಿರಲಿಲ್ಲ. ಆದರೂ ಹೇಳಿದೆ:

"ಹೇಳದೆ ಓಡಿಹೋದರೆ ನಡುಕ ನಿಲ್ಲುತ್ತಾ ಸ್ವಾಮಿ? ಮಾಡಿದೋರೇ ಬರಲಿ. ಬಾಯಿ ಬರದಿದ್ದರೆ ಜೊತೆಗೆ ಬಂದೋರು ಮಾತಾಡಲಿ. ಮಾಡಿದೋರು ರೋಗಿ ಪಕ್ಕದಲ್ಲಿ ಕೂತರೆ ಸಾಕು."

ಅಧ್ಯಕ್ಷರು ಅದನ್ನು ಬರೆದುಕೊಂಡರು. ಇದು ನಿಮಗೇ ಆಗಿದ್ದೇ ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. ಮಾಡಿದವರು ಯಾರೆಂದು ಹೇಳಲಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನವಂತೆ.

ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಕೈ ಗಟ್ಟಿಯಾಗಿರಲಿ, ಆ ಕೈಯಿಂದ ನೂರಾರು ಜನ ಬೆಳಕು ಕಾಣಲಿ.

ನಿನ್ನನ್ನು ಬೈಯಲು ಹಕ್ಕಿರುವ
ಅಜ್ಜಿ

ಮತ್ತೊಂದು ಮಾತು: ಮರೆತು ಕೊನೆಗೆ ಬರೆದೆ ಅಂದುಕೊಳ್ಳಬೇಡ, ಇದನ್ನು ಬರೆಯಲೆಂದೇ ಕೂತದ್ದು. ಕಟ್ಟು ಬಿಚ್ಚಿದ ದಿನ ಇನ್ನೊಬ್ಬ ಡಾಕ್ಟರು ನನಗೆ ಸಮಾಧಾನ ಹೇಳುತ್ತಿದ್ದಾಗ ನೀನು ಪರದೆಯಾಚೆ ನಿಂತಿದ್ದೆ. ಎತ್ತಿ ಆಡಿಸಿದವಳಿಗೆ ನಿನ್ನ ಬಿಕ್ಕು ಗುರುತಾಗುವುದಿಲ್ಲವೇ? ಪರದೆಯ ಕಡೆಗೆ ಕೈ ಚಾಚಿದೆ. ನಿನ್ನ ಚಪ್ಪಲಿಯ ಸದ್ದು ದೂರ ಹೋಯಿತು. ಹೋದ ಕಣ್ಣಿಗೆ ಒಗ್ಗಿಕೊಂಡೆ, ಆ ಸದ್ದಿಗೆ ಒಗ್ಗಲು ಆಗುತ್ತಿಲ್ಲ. ನಿಯಮ ಆಗಲಿ ಬಿಡಲಿ, ನನ್ನ ಪಕ್ಕದಲ್ಲಿ ಬಂದು ಕೂರಲು ನಿನಗೆ ಯಾವ ಸಂಘದ ಅಪ್ಪಣೆಯೂ ಬೇಡ. ಯಾವತ್ತು ಬರುತ್ತೀ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.