ಆರು ಗಂಟೆಯೊಳಗೆ ಯುರೋಪು

ಫೆಬ್ರವರಿ 11, 2025. ಸಂಜೆ 5.10, ಅಂಗಡಿ

ನಾಲ್ಕು ಜಾತಿ ಸರ್ಟಿಫಿಕೇಟ್, ಒಂದು ಜಮೀನಿನ ಪಟ್ಟಾ, ಎರಡು ಸಲ ಕರೆಂಟ್ ಹೋಯಿತು. ತಮಿಳುನಾಡಿನ ಕನ್ನಡ ಮೂಲೆಯಾದ ತಾಳವಾಡಿಯಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟವಳ ತಾಳ್ಮೆಗೂ ಸರ್ಕಾರ ಒಂದು ಸರ್ಟಿಫಿಕೇಟ್ ಕೊಡಬೇಕು.

ಮಧ್ಯಾಹ್ನ ಒಂದು ಮೇಲ್. ಆಸ್ಟ್ರಿಯಾ ದೇಶದ ಗ್ರಾಜ್ ಎಂಬ ಊರಿನಿಂದ. ಹನ್ನಾ ಅವರ ತಂಗಿಯ ಮಗಳು ಬರೆದದ್ದು. ಹನ್ನಾಗೆ ಈಗ ಎಂಬತ್ತು. ಹೃದಯ ಸೋತಿದೆ. ಮಂಚಮ್ಮನನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾರಂತೆ. ಜೂನ್‌ನಲ್ಲಿ ಬರಲಾದೀತೇ, ಜೊತೆಗೆ ಸೊಸೆಯೂ ಬರಲಿ, ಟಿಕೆಟ್ ನಾವೇ ಕಳಿಸುತ್ತೇವೆ...

ಮಂಚಮ್ಮ ನನ್ನ ಅತ್ತೆ. ಆ ಸೊಸೆ ನಾನೇ! ಎರಡು ಸಲ ಓದಿದೆ. ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದೆ.

ಫೆಬ್ರವರಿ 12. ಬೆಳಗ್ಗೆ

ಅತ್ತೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಓದಿ ಹೇಳಿದೆ. ಹುಲ್ಲು ಕೈಯಲ್ಲೇ ಉಳಿಯಿತು.

"ಅನ್ನಕ್ಕ ನನ್ನ ಇನ್ನೂ ನೆಪ್ಪು ಮಡಿಕೊಂಡವ್ಳಾ?"

ಹನ್ನಾ ನಮ್ಮ ಸೀಮೆಯ ಬಾಯಲ್ಲಿ ಅನ್ನಕ್ಕ ಆದರು. 1983ರಲ್ಲಿ ಇಲ್ಲೇ ಜೀರಹಳ್ಳಿಗೆ ಬಂದು ಎರಡು ವರ್ಷ ಇದ್ದರು. ಕಾಡಂಚಿನ ಹುಲ್ಲುಗಳ ಅಧ್ಯಯನ ಮಾಡುವ ಕೆಲಸ. ಅತ್ತೆ ಕೂಲಿಗೆ ಅವರ ಚೀಲ ಹೊರುತ್ತಿದ್ದರು. ಹನ್ನಾ ಮಂಡಿಯೂರಿ ಕೂತರೆ ಲೋಕವೇ ಮರೆತುಹೋಗುತ್ತಿತ್ತಂತೆ. ಸಂಜೆಯಾಗುತ್ತಲೇ ಆನೆ ಇಳಿಯುವ ಜಾಗ. "ಒತ್ತಾಯ್ತು, ಏಳಕ್ಕ" ಅಂತ ದಿನಾ ರಟ್ಟೆ ಹಿಡಿದು ಎಬ್ಬಿಸಬೇಕಿತ್ತು. ಈ ಕಥೆ ಕೇಳಿ ಕೇಳಿ ನನಗೆ ಬಾಯಿಪಾಠ.

ಇನ್ನೊಂದು ಕಥೆಯೂ. ಅತ್ತೆಗೆ ಹೆರಿಗೆ ನೋವು ಬಂದಾಗ ಊರಲ್ಲಿ ಗಾಡಿ ಇದ್ದದ್ದು ಹನ್ನಾ ಒಬ್ಬರ ಬಳಿ. ಆಸ್ಪತ್ರೆಗೆ ಹೊರಟರೆ ದಿಂಬಂ ಘಾಟಿಯಲ್ಲಿ ಆನೆ ಅಡ್ಡ ನಿಂತಿತು. ಹನ್ನಾ ಇಂಜಿನ್ ಆರಿಸಿ, ಅತ್ತೆಯ ಕೈ ಹಿಡಿದು ಕೂತರು. ಆನೆ ಕದಲುವ ಹೊತ್ತಿಗೆ ಜೀಪಿನಲ್ಲೇ ಗಂಡು ಮಗು. ಆ ಮಗು ಈಗ ನನ್ನ ಗಂಡ ನಿಂಗರಾಜು. ಒಂಬತ್ತನೇ ತಿರುವಿನಲ್ಲಿ ಹುಟ್ಟಿದ್ದಕ್ಕೆ ಇವರನ್ನು ಊರವರು ಇವತ್ತಿಗೂ "ಒಂಬತ್ತನೇ ತಿರುವು" ಅಂತಲೇ ರೇಗಿಸುತ್ತಾರೆ.

ಆ ಹೆಂಗಸು ಹೆದರಿ ಜೀಪು ತಿರುಗಿಸಿದ್ದರೆ ನನಗೆ ಈ ಮನೆಯೇ ಇರುತ್ತಿರಲಿಲ್ಲ.

ಮಾರ್ಚ್ 2. ಭಾನುವಾರ

ಅತ್ತೆಯ ಪಾಸ್‌ಪೋರ್ಟ್‌ಗೆ ಓಡಾಟ ಸಾಗಿದೆ. ಅಷ್ಟರಲ್ಲಿ ಪ್ಲಾನ್ ಹಾಕೋಣ ಅಂತ ಕೂತೆ. ವೀಸಾಗೆ ಅದನ್ನೂ ಕೊಡಬೇಕಂತೆ, ಯಾವ ದಿನ ಯಾವ ಊರು ಅಂತ.

ಕೈಯಲ್ಲಿರುವುದು ಒಂಬತ್ತು ದಿನ. ಪ್ಯಾರಿಸ್, ರೋಮ್, ವೆನಿಸ್, ಸಾಲ್ಜ್‌ಬರ್ಗ್, ವಿಯೆನ್ನಾ, ಕೊನೆಗೆ ಗ್ರಾಜ್. ಹನ್ನಾ ಮನೆಯನ್ನು ಕೊನೆಗೆ ಇಟ್ಟೆ, ಊಟದ ಕೊನೆಗೆ ಪಾಯಸ ಇದ್ದ ಹಾಗೆ. ವೆನಿಸ್ ಬಿಡಲಾರೆ. ಅಂಗಡಿಯ ಗೋಡೆಯಲ್ಲಿ ಐದು ವರ್ಷದಿಂದ ಅದೇ ಹಳೇ ಕ್ಯಾಲೆಂಡರ್, ನೀರಿನ ಮೇಲೆ ನಿಂತ ಊರು. ತಿಂಗಳು ಮುಗಿದರೂ ಹಾಳೆ ಹರಿಯಲಿಲ್ಲ.

ಇವರು ನೋಡಿ, "ಇದೇನ್ ಟೂರಾ, ಎಲೆಕ್ಷನ್ ಪ್ರಚಾರನಾ?" ಅಂದರು.

ಮಾರ್ಚ್ 8. ಮಧ್ಯಾಹ್ನ 3.30

ಕೊಯಮತ್ತೂರಿನ ಟ್ರಾವೆಲ್ ಏಜೆಂಟ್ ಶಂಕರ್ ಫೋನ್ ಮಾಡಿದ್ದ. ಪ್ಲಾನ್ ಓದಿ ನಗು ತಡೆಯಲಾಗಲಿಲ್ಲವಂತೆ. ಒಂಬತ್ತು ದಿನಕ್ಕೆ ಆರು ಊರು ಅಂದರೆ ವೀಸಾ ಆಫೀಸರ್ ನಂಬುವುದಿಲ್ಲ, ಅರ್ಧ ದಿನ ರೈಲಲ್ಲೇ ಕಳೆಯುತ್ತೀರಿ, ಎರಡು-ಮೂರು ಊರು ಸಾಕು ಅಂದ. ಸರಿ. ಅದು ಒಪ್ಪುವ ಮಾತು.

ಆಮೇಲೆ ತಮಿಳಲ್ಲಿ ಕೇಳಿದ. ಅಲ್ಲಕ್ಕಾ, ಒಂದು ರೈಲಿಗೂ ಇನ್ನೊಂದಕ್ಕೂ ನಡುವೆ ಮೂರು ಗಂಟೆ ಯಾಕೆ? ದಿನಾ ಸಂಜೆ ಐದೂವರೆಗೆ ರೂಮಿಗೆ ಯಾಕೆ?

ನನಗೇ ಗೊತ್ತಿರಲಿಲ್ಲ, ಹಾಗೆ ಹಾಕಿದ್ದೇನೆ ಅಂತ. ಇಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ಆನೆ ಅಡ್ಡ ನಿಲ್ಲುವ ಹೊತ್ತು ಸೇರಿಸಿಕೊಳ್ಳುತ್ತೇವೆ. ಕತ್ತಲಾಗುವ ಮುಂಚೆ ಮನೆ, ಆರಕ್ಕೆ ಕಾಡಿನ ರಸ್ತೆಯ ಗೇಟು ಹಾಕುತ್ತಾರೆ. ಪ್ಯಾರಿಸ್‌ಗೂ ಅದೇ ಲೆಕ್ಕ ಹಾಕಿದ್ದೇನೆ!

ಹೇಳಿದೆ. ಶಂಕರ್ ಇನ್ನಷ್ಟು ನಕ್ಕ. ನಗು ಮುಗಿಸಿ, "ಅಕ್ಕಾ, ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗೋದು ಒಂಬತ್ತಕ್ಕೆ" ಅಂದ.

ಒಂಬತ್ತಕ್ಕೆ... ದಿನಕ್ಕೆ ಮೂರು ಗಂಟೆ ಬೆಳಕು ಪುಕ್ಕಟೆ. ಆ ಮೂರು ಗಂಟೆಗೆ ಏನೇನು ತುರುಕಬಹುದು ಅಂತ ಆಗಲೇ ಹುಡುಕಾಟ ಶುರು ಮಾಡಿದ್ದೇನೆ.

ಏಪ್ರಿಲ್ 9. ಚೆನ್ನೈ

ವೀಸಾ ಕೌಂಟರ್. ಪ್ಯಾರಿಸ್, ರೋಮ್ ಹೋದವು. ಉಳಿದವು ವಿಯೆನ್ನಾ, ಸಾಲ್ಜ್‌ಬರ್ಗ್, ವೆನಿಸ್, ಕೊನೆಗೆ ಗ್ರಾಜ್. ಶಂಕರ್‌ಗೆ ವೆನಿಸ್ ಬಗ್ಗೆ ಗೊಣಗಾಟ ಇದ್ದೇ ಇದೆ.

ಅತ್ತೆಯ ಬೆರಳಚ್ಚು ಮೆಷಿನ್‌ಗೆ ಸಿಗಲಿಲ್ಲ. ಕೂಲಿ ಮಾಡಿ ಮಾಡಿ ಸವೆದಿದೆ. ನಾಲ್ಕು ಸಲ ಒತ್ತಿಸಿದ ಮೇಲೆ ಬಂತು. ಕೌಂಟರಿನ ಹುಡುಗಿ ಯಾಕೆ ಹೋಗ್ತಿದ್ದೀರಿ ಅಂತ ತಮಿಳಲ್ಲಿ ಕೇಳಿದಳು. ಅತ್ತೆಯೂ ತಮಿಳಲ್ಲೇ ಹೇಳಿದರು, ಕಷ್ಟದಲ್ಲಿ ಆಕೆ ನನ್ನ ಕೈ ಬಿಡಲಿಲ್ಲ, ಹೋಗಿ ಆ ಕೈ ಒಂದ್ಸಲ ಹಿಡ್ಕೋಬೇಕು ಅಂತ.

ನಾನು ಅಂಗಡಿಯಲ್ಲಿ ಸಾವಿರ ಅರ್ಜಿ ತುಂಬಿದ್ದೇನೆ. ಕಾರಣದ ಕಾಲಂಗೆ ಇಂಥ ಉತ್ತರ ಬರೆದಿಲ್ಲ.

ಮೇ 5

ವೀಸಾ ಬಂತು. ಇಬ್ಬರಿಗೂ! ದೇವರು ದೊಡ್ಡವನು. ಅತ್ತೆ ಪಾಸ್‌ಪೋರ್ಟನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಲು ಹೊರಟರು. ಹಾರಿ ಹಿಡಿದುಕೊಂಡೆ.

ಮೇ 28. ಬೆಳಗ್ಗೆ 11

ಮೇಲ್. ಹನ್ನಾ ಆಸ್ಪತ್ರೆಗೆ ಸೇರಿದ್ದರು, ಈಗ ಮನೆಗೆ ಬಂದಿದ್ದಾರೆ. ಡಾಕ್ಟರ್ ಏನೂ ಭರವಸೆ ಕೊಡುತ್ತಿಲ್ಲ.

ನಾವು ಹೊರಡುವುದು ಜೂನ್ ಹತ್ತಕ್ಕೆ. ನನ್ನ ಪ್ಲಾನ್ ಪ್ರಕಾರ ಗ್ರಾಜ್ ತಲುಪುವುದು ಹದಿನಾರಕ್ಕೆ. ನಡುವೆ ನಾಲ್ಕು ಅರಮನೆ, ಎರಡು ದೋಣಿ, ಒಂದು ಕೇಬಲ್ ಕಾರು.

ಅಂಗಡಿ ಬಾಗಿಲು ಎಳೆದು ಮನೆಗೆ ಬಂದು ಅತ್ತೆಗೆ ಹೇಳಿದೆ. ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

"ನಿಂಗೆ ಆಸೆ ಇರೋ ಊರ್ಗೆಲ್ಲ ಓಗು ಕಣವ್ವ, ನಾನ್ ಬ್ಯಾಡ ಅನ್ನಕಿಲ್ಲ. ನನ್ನ ಮಾತ್ರ ಮೊದ್ಲು ಅಲ್ಲಿ ಬುಟ್ಬುಡು."

ಅದೇ ದಿನ. ಮಧ್ಯಾಹ್ನ 2

ಅಳಿಸಿದೆ. ಸಾಲ್ಜ್‌ಬರ್ಗ್ ಒಂದೇಟಿಗೆ. ವೆನಿಸ್‌ಗೆ ಸ್ವಲ್ಪ ಹೊತ್ತು ಬೇಕಾಯಿತು, ಸುಳ್ಳು ಹೇಳುವುದಿಲ್ಲ. ಕಣ್ಣಲ್ಲಿ ನೀರೂ ಬಂತು, ನಾಚಿಕೆಯೂ ಆಯಿತು. ಅತ್ತೆ ನಲವತ್ತು ವರ್ಷ ಕಾದಿದ್ದಾರೆ. ನಾನು ಐದು ವರ್ಷದ ಕ್ಯಾಲೆಂಡರ್ ತಬ್ಬಿಕೊಂಡು ಕೂತಿದ್ದೇನೆ.

ಈಗಿನ ಪ್ಲಾನ್: ವಿಯೆನ್ನಾದಲ್ಲಿ ಇಳಿದ ರಾತ್ರಿ ಅಲ್ಲೇ. ಮರುದಿನ ರೈಲು, ಎರಡೂವರೆ ಮೂರು ಗಂಟೆ, ಗ್ರಾಜ್. ಅಲ್ಲಿ ಐದು ರಾತ್ರಿ. ಕೊನೆಗೆ ವಿಯೆನ್ನಾ ಎರಡು ದಿನ. ಎರಡೇ ಊರು. ಶಂಕರ್ ನೋಡಿ, "ಈಗ ಸರಿಯಾಯ್ತಕ್ಕಾ" ಅಂದ.

ಜೂನ್ 9

ಅತ್ತೆಯ ಚೀಲದಿಂದ ತುಪ್ಪ ತೆಗೆದೆ, ಬಿಡುವುದಿಲ್ಲವಂತೆ. ರಾಗಿ ಹಿಟ್ಟು ಇದೆ. ಜೀರಹಳ್ಳಿ ಕಡೆಯ ಹುಲ್ಲು ಒಂದು ಹಿಡಿ ಸುತ್ತಿಟ್ಟಿದ್ದರು. ಅದೂ ಆಗುವುದಿಲ್ಲ ಅಂದಾಗ ಮುಖ ಚಿಕ್ಕದಾಯಿತು. ಇವರು ಹೋಗಿ ಆ ಹುಲ್ಲಿನ ಫೋಟೋ ತೆಗೆದು ತಂದರು, ಹನ್ನೊಂದು ಬಗೆ. ಒಳ್ಳೆಯ ಗಂಡ. ಒಂಬತ್ತನೇ ತಿರುವಿನ ಆನೆಗೂ ನಮಸ್ಕಾರ.

ಜೂನ್ 12. ಗ್ರಾಜ್. ಇಲ್ಲಿಯ ಸಂಜೆ 8.30

ಮಧ್ಯಾಹ್ನ ಬಂದೆವು. ಇದ್ದಾರೆ. ಹನ್ನಾ ಇದ್ದಾರೆ.

ಬಾಗಿಲಲ್ಲಿ ಅತ್ತೆ ಆ ಕೈ ಹಿಡಿದುಕೊಂಡರು, ಇನ್ನೂ ಬಿಟ್ಟಿಲ್ಲ. ಹಿತ್ತಿಲಲ್ಲಿ ಕೂತಿದ್ದಾರೆ. ಎದುರಿಗೆ ಕತ್ತರಿಸದೆ ಬಿಟ್ಟ ಹುಲ್ಲು, ಸೊಂಟದುದ್ದ. ಫೋನಿನ ಫೋಟೋ ಒಂದೊಂದೇ ನೋಡಿ ಹನ್ನಾ ಅದರ ಲ್ಯಾಟಿನ್ ಹೆಸರು ಹೇಳುತ್ತಾರೆ. ಅತ್ತೆ ನಮ್ಮೂರಿನ ಹೆಸರು ಹೇಳುತ್ತಾರೆ. ನನ್ನ ಗಂಡನ ಫೋಟೋ ಬಂದಾಗ ಹನ್ನಾ ಇನ್ನೊಂದು ಕೈಯಲ್ಲಿ ಐದು ಬೆರಳು, ಮತ್ತೆ ನಾಲ್ಕು ಎತ್ತಿ ಒಂಬತ್ತು ತೋರಿಸಿದರು. ಮರೆತಿಲ್ಲ!

ಆ ಪುಕ್ಕಟೆ ಮೂರು ಗಂಟೆಗೆ ನಾನು ಏನೂ ತುರುಕಲಿಲ್ಲ. ಎಷ್ಟು ಚೆನ್ನಾಗಿದೆ, ಏನೂ ಇಲ್ಲದಿರುವುದು.

ಈಗ ಅತ್ತೆ ಗಡಿಯಾರ ನೋಡಿದರು. ಅಭ್ಯಾಸ. ಸೆರಗು ಕೊಡವಿ ಎದ್ದು, ಅವರ ರಟ್ಟೆಗೆ ಕೈ ಹಾಕಿ, "ಒತ್ತಾಯ್ತು, ಏಳಕ್ಕ" ಅಂದರು.

ಹನ್ನಾ ಏಳಲಿಲ್ಲ. ನಲವತ್ತು ವರ್ಷದ ತುಕ್ಕು ಹಿಡಿದ ಕನ್ನಡ, ತಡೆದು ತಡೆದು, ಆದರೆ ನಮ್ಮ ಸೀಮೆಯದೇ:

"ಕುಂತ್ಕೊ ಮಂಚಿ. ಇಲ್ಲಿ ಆನೆ ಬರಕಿಲ್ಲ. ಇನ್ನೂ ಬೆಳಕದೆ."

ಅತ್ತೆ ಕೂತರು. ನನಗೂ ಒಂದು ಕುರ್ಚಿ ಎಳೆದಿಟ್ಟಿದ್ದಾರೆ. ಬರೆದದ್ದು ಸಾಕು ಬಾ ಅಂತ ಇಬ್ಬರೂ ಕೈ ಬೀಸಿ ಕರೆಯುತ್ತಿದ್ದಾರೆ.