ಹುಣಸೆ ಸರಿ ಕುಡಿದ ಹೊದಿಕೆ

ದಾವಣಗೆರೆ
ಮಂಗಳವಾರ, ೧೪-೧೧-೧೯೬೧

ಕೊಕ್ಕನೂರಿನಲ್ಲಿರುವ ಅವ್ವನಿಗೆ ಮಗಳು ಉಚ್ಚಂಗಿಯ ನಮಸ್ಕಾರ.

ನಾನು ಕ್ಷೇಮ ಎಂದು ಬರೆದರೆ ನೀನು ಅದನ್ನೇ ನಂಬಿಕೊಂಡು ಸುಮ್ಮನಾಗಿಬಿಡುತ್ತೀ. ಆದ್ದರಿಂದ ಈ ಸಲ ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ. ಇದನ್ನು ನಿನಗೆ ಓದಿ ಹೇಳುತ್ತಿರುವ ಭರಮಣ್ಣ ಮೇಷ್ಟ್ರಲ್ಲಿ ಒಂದು ವಿನಂತಿ: ನನ್ನ ಸಿಟ್ಟನ್ನು ಮೆತ್ತಗೆ ಮಾಡಲು ಹೋಗದೆ ಬರೆದದ್ದನ್ನು ಬರೆದ ಹಾಗೇ ಓದಬೇಕು.

ಉಣ್ಣೆ ವ್ಯಾಪಾರಕ್ಕೆ ನಮ್ಮೂರ ಕಡೆ ಹೋಗಿದ್ದ ರಜಾಕ್ ಸಾಬರು ಭಾನುವಾರ ಗಂಟು ತಂದುಕೊಟ್ಟರು. ಬಿಚ್ಚಿದೆ. ಅವ್ವಾ, ಹುಟ್ಟಲಿರುವ ಕೂಸಿಗೆಂದು ನಾನು ಹೆಣೆದ ಹೊದಿಕೆಯಾ ಅದು? ಮಡಿಕೆ ಬಿಡಿಸಿದರೆ ಹಪ್ಪಳದ ಹಾಗೆ ಸದ್ದು ಮಾಡಿತು. ಅತ್ತೆ ಅದನ್ನು ಗೋಡೆಗೆ ಆನಿಸಿದರು, ಮೊರದಂತೆ ತಾನೇ ನಿಂತುಕೊಂಡಿತು. ಮನೆಯವರು ನಕ್ಕರು, ಅತ್ತೆಯೂ ನಕ್ಕರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಅದನ್ನು ಕಳಿಸಿದ್ದು ಒಂದು ಸಲ ನಿನ್ನ ಕೈ ಸೋಕಿ ಬರಲಿ ಎಂದು, ಅಷ್ಟೇ. ಕೈ ಸೋಕಿಸು ಎಂದರೆ ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ, ಅಂಟಂಟು ಸರಿ ಮಾಡಿ, ಎರಡೂ ಮಗ್ಗುಲಿಗೆ ಬಳಿದು ಬಿಸಿಲಿಗೆ ಹರವು ಎಂದೇ? "ಉಚ್ಚಂಗಿ ಕೆಲಸ ಅರ್ಧಕ್ಕ ಬಿಟ್ಟಾಳ. ಸರಿ ಕುಡಿಸದಿದ್ರ ಕಂಬ್ಳಿ ಹೆಂಗೆ ಆಗತೈತೆ ಅಂತ ಕೇಳ್ರಿ" ಎಂದು ಸಾಬರ ಹತ್ತಿರ ಹೇಳಿ ಕಳಿಸಿದ್ದೀಯಂತೆ. ನಮ್ಮ ಮನೆಯ ಯಾವ ಕಂಬಳಿಯೂ ಆ ಸರಿ ಕುಡಿಯದೆ ಸಂತೆಗೆ ಹೋಗಿಲ್ಲ, ಅದು ನನಗೆ ಗೊತ್ತಿಲ್ಲವೇ? ಅದರಿಂದಲೇ ಮಳೆ ತಡೆಯುವುದು. ಆದರೆ ಇದು ಅಂಗಡಿಯ ಉಲ್ಲನ್. ಕೂಸೇನು ತೊಟ್ಟಿಲಲ್ಲಿ ಮಲಗಿಕೊಂಡು ಮಳೆಯಲ್ಲಿ ಕುರಿ ಕಾಯುತ್ತದೆಯೇ?

ನಾನು ಪಟ್ಟ ಪಾಡು ನಿನಗೆ ತಿಳಿಯದು. ಕಲಿಸಿದವರು ಪಕ್ಕದ ಮನೆಯ ಖೈರುನ್ನೀಸಾ, ರಜಾಕ್ ಸಾಬರ ಹೆಂಡತಿ. ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿ ಕೈಗೆ ಕೊಟ್ಟರು. ತೊಂಬತ್ತು ಕುಣಿಕೆ ಹಾಕಬೇಕು, ಸಾಲಿಗೆ ಸಾಲು ಒಂದೇ ಥರ ಹೆಣೆಯಬೇಕು, ಚೌಕವಾದ ಮೇಲೆ ನಿಲ್ಲಿಸಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ನಾನು ಹೆಣೆದಂತೆಲ್ಲ ಅದು ಅಗಲವಾಗುತ್ತಲೇ ಹೋಯಿತು. ಎಣಿಸಿದರೆ ನೂರಾ ಹದಿಮೂರು! ಸಾಲು ತಿರುಗಿಸುವಾಗ ದಾರ ಕಡ್ಡಿಯ ಮೇಲೆ ಹಾದು, ನಾನು ಹಾಕದ ಸುಳ್ಳು ಕುಣಿಕೆಗಳು ತಾವೇ ಹುಟ್ಟುತ್ತಿದ್ದವಂತೆ. ಹಾಗೇ ಮುಚ್ಚಿಕೊಂಡು ಮುಂದೆ ಹೆಣೆದರಾಯಿತು ಎಂದುಕೊಂಡೆ. ಖೈರುನ್ನೀಸಾ ಬಿಡಲಿಲ್ಲ. "ಮುಚ್ಚಿದ್ರ ಇನ್ನಷ್ಟು ಸೊಟ್ಟ ಆಗತೈತ್ರಿ. ತಪ್ಪು ಬಿದ್ದಲ್ಲಿ ತನಕ ಬಿಚ್ಚಬೇಕು" ಎಂದರು. ನಾಲ್ಕು ಸಲ ಬಿಚ್ಚಿದೆ. ನಾನು ಕಡ್ಡಿ ಹಿಡಿದಾಗಲೆಲ್ಲ ಅತ್ತೆ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಹಾಡುತ್ತಿದ್ದರು. ಮೂರು ತಿಂಗಳು, ಅವ್ವಾ. ಬೆರಳ ತುದಿಗಳು ಇನ್ನೂ ಉರಿಯುತ್ತವೆ.

ಸರಿ ಬಿಡಿಸಲು ನಿನ್ನೆ ಕುದಿಯುವ ನೀರಿಗೆ ಹಾಕಿ ತಿಕ್ಕಿದೆ. ಉಲ್ಲನ್‌ಗೆ ಬಿಸಿನೀರು ಆಗದೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಅಂಟು ಹೋಯಿತು, ಜೊತೆಗೆ ಹೊದಿಕೆಯೂ ಕುಗ್ಗಿ ಕೈವಸ್ತ್ರದಷ್ಟಾಗಿ ಕೂತಿದೆ. ಅಲ್ಲಿಗೆ ಹಾಳು ಮಾಡಿದ್ದರಲ್ಲಿ ಅರ್ಧ ಪಾಲು ನನ್ನದು, ಒಪ್ಪುತ್ತೇನೆ. ಉಳಿದರ್ಧ ನಿನ್ನದೇ.

ಆದರೆ ನನ್ನ ಸಿಟ್ಟೆಲ್ಲ ಹೊದಿಕೆಯದಲ್ಲ. ಏಳನೇ ತಿಂಗಳಲ್ಲಿ ನೀನು ಬಂದು ಕುಬುಸ ಮಾಡಿ ತವರಿಗೆ ಕರೆದುಕೊಂಡು ಹೋಗುತ್ತೀ ಎಂದು ಕಾದೆ. ಬರಲಿಲ್ಲ. ಎಂಟರಲ್ಲಿ ಯಾರೂ ಕರೆದೊಯ್ಯುವುದಿಲ್ಲ. ಈಗ ಒಂಬತ್ತಕ್ಕೆ ಬಿದ್ದಿದೆ. ಚೊಚ್ಚಲು ಹೆರಿಗೆಗೆ ತವರಿಲ್ಲದವಳಂತೆ ಇಲ್ಲಿ ಕೂತಿದ್ದೇನೆ. "ನನ್ನ ಕಂಬ್ಳಿ ದಾಟದ ಹೊಸ್ತಿಲು ನಾನೂ ದಾಟಂಗಿಲ್ಲ" ಎಂದೆಯಂತೆ. ಶ್ರಾವಣದಲ್ಲಿ ನೀನು ಮರಿಗಳ ಮೊದಲ ಉಣ್ಣೆಯಲ್ಲಿ ನೂಲು ತೆಗೆದು, ಅಪ್ಪ ನೇಯ್ದು ಕಳಿಸಿದ ಪುಟ್ಟ ಕರಿ ಕಂಬಳಿ ವಾಪಸ್ ಬಂತೆಂದು ಇಷ್ಟು ಹಟವೇ? ಕೂಸಿಗೆ ಚುಚ್ಚುತ್ತದೆ ಎಂದು ಅತ್ತೆ ಒಪ್ಪಲಿಲ್ಲವೆಂದು ಆಗಲೇ ಬರೆದಿದ್ದೆನಲ್ಲ. ಅತ್ತೆಯ ಮೇಲಿನ ಸಿಟ್ಟನ್ನು ಮಗಳ ಮೇಲೆ ಯಾಕೆ ತೀರಿಸಿಕೊಳ್ಳುತ್ತೀ?

ಇಲ್ಲಿ ಅತ್ತೆ ದಿನಾ ಕೇಳುತ್ತಾರೆ, ನಿಮ್ಮವ್ವ ಯಾವಾಗ ಬರುತ್ತಾಳೆ ಎಂದು. ಅವ್ವನಿಗೆ ಮಂಡಿ ನೋವು, ಊರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಎಂದು ಬಾಯಿಗೆ ಬಂದದ್ದು ಹೇಳಿ ಜಾರಿಕೊಳ್ಳುತ್ತೇನೆ. ನಿನ್ನೆ ನಾನು ಆ ಕೈವಸ್ತ್ರ ಹಿಡಿದು ಕೂತಿದ್ದಾಗ ಅವರು ಪಕ್ಕಕ್ಕೆ ಬಂದು ಕೂತು, "ನಿಮ್ಮವ್ವ ಬರದಿದ್ರ ಬ್ಯಾಡ ಬಿಡು. ಬಾಣಂತನ ನಾನೇ ಮಾಡ್ತೀನಿ, ಅಳಬ್ಯಾಡ" ಎಂದು ತಲೆ ಸವರಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮೇಲೆ ಇನ್ನೂ ಸಿಟ್ಟಿರುವ ಮಗಳು,
ಉಚ್ಚಂಗಿ

ತಾ.ಕ.: ಮೇಷ್ಟ್ರೇ, ಇದನ್ನು ಅವ್ವನೊಬ್ಬಳಿಗೇ ಓದಿ ಎಂದು ಬರೆದು ಹೊಡೆದುಹಾಕಿದ್ದೇನೆ. ಶ್ರಾವಣದ ಕಾಗದವನ್ನು ಜಗಲಿಯ ಮೇಲೆ ಕೂತವರೆಲ್ಲ ಕೇಳಿದ್ದಾರೆ, ಇದನ್ನೂ ಕೇಳಲಿ. ಅವ್ವಾ, ಆ ಕರಿ ಕಂಬಳಿಯನ್ನು ಅತ್ತೆ ಕಣ್ಣಿಂದಲೂ ಕಂಡಿಲ್ಲ. ಶ್ರಾವಣದಲ್ಲಿ ಆ ಗಂಟು ಬಂದ ದಿನ ಅವರು ಮನೆಯಲ್ಲಿರಲಿಲ್ಲ. ಓಣಿಯ ಹೆಂಗಸರ ಎದುರಿಗೇ ಬಿಚ್ಚಿದೆ, ಕುರಿ ವಾಸನೆಗೆ ಒಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ನಾಚಿಕೆಯಾಯಿತು. ವಾಪಸ್ ಕಳಿಸಿದವಳು ನಾನೇ. ಚುಚ್ಚುತ್ತದೆ ಎಂದವಳೂ ನಾನೇ, ಕೈಯಿಂದ ಮುಟ್ಟಿಯೂ ನೋಡದೆ. ಉಲ್ಲನ್ ಈಗ ಕೂಸಿನ ಪಾದಕ್ಕೆ ಮಾತ್ರ ಸಾಕು, ಮೈಗೆ ಆ ಕಂಬಳಿಯೇ ಬೇಕು. ಸೋಮವಾರದೊಳಗೆ ಅದನ್ನು ಹಿಡಿದುಕೊಂಡು ಬಾ, ನನ್ನನ್ನು ಊರಿಗೆ ಕರೆದುಕೊಂಡು ಹೋಗು. ಅತ್ತೆಯ ಎದುರು ಮಾತ್ರ ನನ್ನನ್ನು ಬೈಯಬೇಡ, ಅವರಿಗೆ ನಾನೇ ಹೇಳುತ್ತೇನೆ. ಹರಿಹರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಾಡಿಯಲ್ಲಿ, ಊರು ಮುಟ್ಟುವ ತನಕ ಬೈ.