ಭಾವನ ಜಾಗಕ್ಕೆ ಯಾರು?

ಮನೆಯಿಂದ,
ಜೂನ್ ೧೨, ಗುರುವಾರ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ತಂಗಿಯ ಮನೆಯಲ್ಲಾದರೂ ಕಾಲು ಚಾಚಿ ಕೂತಿದ್ದೀಯೋ, ಅಲ್ಲೂ ಅಡುಗೆಮನೆಗೆ ನುಗ್ಗಿದ್ದೀಯೋ? ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಭಾವ ಹಾಲು ಉಕ್ಕಿಸದೆ ಕಾಯಿಸುವುದನ್ನು ಕೊನೆಗೂ ಕಲಿತರು.

ಇನ್ನು ಕ್ರಿಕೆಟ್ ಕ್ಲಬ್ಬಿನ ಸಂಗತಿ. ಈ ಸಲ ಎರಡು ಟೂರ್ನಿ, ಒಂದು ಇಪ್ಪತ್ತು ಓವರಿನದು, ಇನ್ನೊಂದು ಎರಡು ದಿನದ್ದು. ನಮ್ಮ ಕ್ಯಾಪ್ಟನ್, ಅದೇ ಆ ಟೈಲರ್, ತನ್ನ ಅಂಗಡಿಯಲ್ಲಿ ಸಮಿತಿ ಕೂಡಿಸಿ ಎರಡಕ್ಕೂ ಒಂದೇ ತಂಡ ಓದಿಬಿಟ್ಟ. ಭಾವನನ್ನು ಬಿಟ್ಟರೆ ಉಳಿದವರೆಲ್ಲ ಕಣ್ಣು ಮುಚ್ಚಿ ಬೀಸುವವರೇ. ನನಗೆ ಮೈ ಉರಿಯಿತು. ಇಂಥದೇ ತಂಡ ಕಟ್ಟಿ ಹಿಂದೊಮ್ಮೆ ಎರಡು ದಿನದ ಪಂದ್ಯದಲ್ಲಿ ಊಟದ ಹೊತ್ತಿಗೇ ಆಲೌಟಾಗಿ ಗಂಟುಮೂಟೆ ಕಟ್ಟಿದ್ದು ಇವರಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ಆಯ್ಕೆ ಸಮಿತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಲು ನಾನೇನು ಗೋಡೆಯ ಕ್ಯಾಲೆಂಡರೇ? "ಉದ್ದ ಪ್ಯಾಂಟಿಗೂ ಚಡ್ಡಿಗೂ ಒಂದೇ ಅಳತೆ ಹಿಡೀತೀಯೇನಯ್ಯಾ?" ಎಂದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವನು ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, "ಒಪ್ಪಿದೆ ಸಾರ್. ಹಾಗಾದ್ರೆ ಚಡ್ಡಿ ಪಂದ್ಯಕ್ಕೆ ನಿಮ್ಮ ಭಾವನೂ ಬೇಡ ಅಲ್ವಾ?" ಎಂದ.

ನ್ಯಾಯ ಕೇಳಿದವನು ನಾನೇ, ಒಪ್ಪಿಕೊಂಡೆ. ಎರಡು ದಿನದ ತಂಡಕ್ಕೆ ಭಾವ ಮೊದಲಿಗರು. ಇಪ್ಪತ್ತು ಓವರಿನಲ್ಲಿ ಇಷ್ಟು ವರ್ಷ ಬಿಡದೆ ಆಡಿದ ಜಾಗ ನನ್ನ ಮಾತಿನಿಂದಲೇ ಹೋಯಿತು. ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭಾವ ಬಟ್ಟೆ ಮಡಚುತ್ತಲೇ, "ಸರಿಯಾಗೇ ಮಾಡಿದ್ದೀಯ ಬಿಡು. ಅಲ್ಲಿ ಎಲ್ಲರೂ ಚೆಂಡನ್ನ ಬಡಿದು ಓಡಿಸ್ತಾರೆ, ನಾನು ಅದರ ಯೋಗಕ್ಷೇಮ ವಿಚಾರಿಸ್ತಾ ನಿಂತಿರ್ತೀನಿ" ಎಂದರು. ನಕ್ಕರು ನಿಜ, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದರು. ಬೆಳಗ್ಗೆ ಎದ್ದವರೇ ನೇರ ಟೈಲರ್ ಅಂಗಡಿಗೆ ಹೋದರು. ಜಗಳಕ್ಕೆ ಅಂದುಕೊಂಡು ನಾನೂ ಹಿಂದೆಯೇ ಓಡಿದೆ. ಅವರು ಹೋಗಿದ್ದು ತಮ್ಮ ಜಾಗಕ್ಕೆ ಒಂದು ಹೆಸರು ಹೇಳಲು. ಟೈಲರ್ ತಕ್ಷಣ ಒಪ್ಪಿದ. ಬರುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಬಂದರು ಮಹಾರಾಯರು.

ತಂಗಿಯನ್ನು, ಅವಳ ಮಕ್ಕಳನ್ನು ಕೇಳಿದೆನೆಂದು ಹೇಳು. ಬೇಗ ಗುಣವಾಗಿ ಮನೆಗೆ ಬಾ.

ನಿನ್ನ ಪ್ರೀತಿಯ ತಮ್ಮ

ಮರೆತಿದ್ದೆ: ಆ ಹೆಸರು ನಿನ್ನ ಮಗಳದು. ಬ್ಯಾಟು ಬೀಸುವುದರಲ್ಲಿ ಅಪ್ಪನ ಗುಣ ಒಂದೂ ಬಂದಿಲ್ಲ, ಪುಣ್ಯಕ್ಕೆ. ಚೆಂಡು ತಗಲೀತೆಂದು ನೀನು ಬೇಡ ಅನ್ನುತ್ತೀಯ ಎಂದು ಹೆದರಿ, ಅಪ್ಪ ಮಗಳು ಇಬ್ಬರೂ ನನ್ನ ಕೈಲಿ ಬರೆಸುತ್ತಿದ್ದಾರೆ. ಫೋನ್ ಮಾಡಿ ಒಂದು ಹ್ಞೂಂ ಅಂದುಬಿಡು. ಹೆಲ್ಮೆಟ್ಟನ್ನು ಭಾವ ಆಗಲೇ ಕೊಂಡು ತಂದಾಗಿದೆ.